ನಮ್ಮನೆಯವರ ಸವಕಳಿ ಯಂತ್ರ

"ಸುಗುಣಾ, ಕೈ ಒರೆಸ್ಕೊಂಡು ಮೇಲೆ ಬಾ. ಒದ್ದೆ ಕೈಯಲ್ಲಿ ನೋಡೋ ವಸ್ತು ಅಲ್ಲ ಇದು."

ಮಹಡಿಯಿಂದ ಕೂಗು ಬಂದಾಗ ನಾನು ಇವರದೇ ಅಂಗಿಯ ಕಾಲರಿಗೆ ಸೋಪು ಉಜ್ಜುತ್ತಿದ್ದೆ. ನೋಡುವುದಕ್ಕೆ ಕೈ ಯಾಕೆ ಒಣಗಿರಬೇಕು ಎಂದು ಕೇಳುವ ವಯಸ್ಸು ನನಗೆ ದಾಟಿದೆ. ಸೆರಗಿಗೆ ಕೈ ಒರೆಸಿಕೊಂಡು ಹತ್ತಿದೆ. ಮೈಸೂರಿನಿಂದ ಬಂದಿದ್ದ ಇವರ ಅಕ್ಕ ಪ್ರಮೀಳಕ್ಕನೂ ಮಂಡಿ ಹಿಡಿದುಕೊಂಡು ಹಿಂದೆಯೇ ಬಂದರು.

ಮಹಡಿಯ ಕೋಣೆ ನಮ್ಮ ಮನೆಯ ವಾಯುಪಡೆ. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ, ಬಣ್ಣ ಹಚ್ಚಿ ಇವರು ಮಾಡಿದ ಯುದ್ಧವಿಮಾನಗಳು ಅಲ್ಲಿ ನೈಲಾನ್ ದಾರದಲ್ಲಿ ನೇತಾಡುತ್ತವೆ. ಎಲ್ಲವೂ ನಿಜವಾದ ವಿಮಾನದ ಎಪ್ಪತ್ತೆರಡನೇ ಒಂದು ಭಾಗ. ಆ ಕೋಣೆಯಲ್ಲಿ ಬೇಸಿಗೆಯಲ್ಲೂ ಫ್ಯಾನ್ ಹಾಕುವಂತಿಲ್ಲ. ಹಾಕಿದರೆ ವಾಯುಪಡೆ ತನ್ನ ಮೇಲೆ ತಾನೇ ಯುದ್ಧ ಸಾರುತ್ತದೆ. ಅಳತೆಗೆ, ಬಣ್ಣಕ್ಕೆ ಬೇಕಾದ ಫೋಟೋಗಳನ್ನೂ ಇವರೇ ತೆಗೆಯುತ್ತಾರೆ. ನಮ್ಮ ಮನೆ ಇರುವುದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಹತ್ತಿರ. ಆಕಾಶದಲ್ಲಿ ಗುಡುಗಿದ ತಕ್ಷಣ ಊಟದ ತಟ್ಟೆ ಬಿಟ್ಟು, ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದು ಮಾಳಿಗೆಗೆ ಓಡುತ್ತಾರೆ. ತಂತಿಯ ಮೇಲೆ ಒಣಗಹಾಕಿದ ನನ್ನ ಲಂಗಗಳು ಎಷ್ಟೋ ಯುದ್ಧವಿಮಾನಗಳ ಪಕ್ಕದಲ್ಲಿ ಹಾರಿವೆ.

ಮೇಜಿನ ಮೇಲೆ ಹಳೆಯ ಸ್ಲೈಡ್ ಪ್ರೊಜೆಕ್ಟರೊಂದು ಕೂತಿತ್ತು. ಅದರ ಬೆನ್ನಿಗೆ ನನ್ನ ಮಿಕ್ಸಿಯ ಮೋಟಾರು, ಮೂತಿಗೆ ಬಿರಡೆಯಂಥ ಒಂದು ಗಾಜು. ಎದುರಿಗೆ ಮಿಗ್ ಯುದ್ಧವಿಮಾನದ ಹೊಚ್ಚ ಹೊಸ ಮಾದರಿ, ಆಗಷ್ಟೇ ಬೆಳ್ಳಿ ಬಣ್ಣ ಹಚ್ಚಿದ್ದು.

"ಇದರ ಹೆಸರು ಸವಕಳಿ ಯಂತ್ರ" ಎಂದರು ಇವರು.

"ಹೆಸರು ಚೆನ್ನಾಗಿದೆ. ನನ್ನ ಮಿಕ್ಸಿ ಸವೆದೇ ಹೋಯ್ತಲ್ಲ" ಎಂದೆ.

"ಫೋಟೋ ಅಂದ್ರೆ ಏನು ಹೇಳು? ಬೆಳಕು ಹಿಡಿದಿಟ್ಟ ಕಾಲ. ಅದನ್ನ ನಾನು ವಾಪಸ್ ಬಿಡ್ತೀನಿ. ಅಷ್ಟೇ ವಿಜ್ಞಾನ."

ನಿಜವಾದ ಮಿಗ್ಗಿನ ಹಳೆಯ ಸ್ಲೈಡೊಂದನ್ನು ತೂರಿಸಿ ಗುಂಡಿ ಒತ್ತಿದರು. ಕೊಬ್ಬರಿ ಚಟ್ನಿ ರುಬ್ಬುವ ಸದ್ದಿನೊಡನೆ ನೀಲಿ ಬೆಳಕು ಹೊರಟು ಪುಟ್ಟ ವಿಮಾನದ ಮೇಲೆ ಬಿತ್ತು. ನಾವು ನೋಡುತ್ತಿದ್ದಂತೆಯೇ ಅದಕ್ಕೆ ವಯಸ್ಸಾಯಿತು. ಹೊಗೆಯುಗುಳುವ ಬಾಲ ಕಪ್ಪಾಯಿತು. ಹೊಟ್ಟೆಯ ಕೆಳಗೆ ಎಣ್ಣೆ ಜಿನುಗಿದ ಗೆರೆಗಳು ಮೂಡಿದವು. ಮೆಕ್ಯಾನಿಕ್‌ಗಳು ಹತ್ತಿ ಇಳಿಯುವ ಕಡೆ ರೆಕ್ಕೆಯ ಬಣ್ಣ ಉದುರಿತು. ಭೂತಗನ್ನಡಿಯಲ್ಲಿ ನೋಡಿದರೆ 'ನೋ ಸ್ಟೆಪ್', ಅಂದರೆ ಇಲ್ಲಿ ಕಾಲಿಡಬೇಡಿ, ಎಂಬ ಅಕ್ಷರವೂ ಇತ್ತು.

ಮದುವೆಯಾದಾಗಿನಿಂದ ಕಲೆ ತೆಗೆಯುತ್ತಲೇ ಬಂದವಳು ನಾನು. ಕಲೆ ಮಾಡುವುದಕ್ಕೇ ಒಂದು ಯಂತ್ರ ಮಾಡಿದ ಗಂಡನನ್ನು ಏನೆನ್ನಬೇಕೋ ತಿಳಿಯಲಿಲ್ಲ. ಆದರೂ ಆ ಪುಟ್ಟ ವಿಮಾನ ಎಲ್ಲೆಲ್ಲೋ ಹೋಗಿ ದಣಿದು ಬಂದು ಕೂತ ಹಾಗಿತ್ತು. ಅದನ್ನು ಕಂಡು ನನಗೆ ಕಾಫಿ ಕೊಡಬೇಕು ಅನ್ನಿಸಿದ್ದು ಸುಳ್ಳಲ್ಲ.

ಈ ಯಂತ್ರ ಹುಟ್ಟಿದ್ದಕ್ಕೆ ಎರಡು ಕಾರಣ. ಒಂದನ್ನು ಇವರು ಎಲ್ಲರಿಗೂ ಹೇಳುತ್ತಾರೆ. ನಮ್ಮ ಬಡಾವಣೆಯ ಸಭಾಂಗಣದಲ್ಲಿ ಪ್ರತಿವರ್ಷ ಮಾದರಿ ವಿಮಾನಗಳ ಸ್ಪರ್ಧೆ ನಡೆಯುತ್ತದೆ. ತೀರ್ಪುಗಾರರು ಗ್ರೂಪ್ ಕ್ಯಾಪ್ಟನ್ ಮಂದಣ್ಣ, ಮಿಗ್ ಹಾರಿಸಿ ನಿವೃತ್ತರಾದವರು. ಹೋದ ವರ್ಷ ಅವರು ಇವರ ವಿಮಾನವನ್ನು ಕೈಯಲ್ಲಿ ತಿರುಗಿಸಿ ನೋಡಿ, "ಅಳತೆ ಸರಿಯಾಗಿದೆ ವರದರಾಜ್. ಆದರೆ ಇದು ಒಂದು ಸಲಾನೂ ಹಾರಿಲ್ಲ" ಎಂದು ಕೆಳಗಿಟ್ಟಿದ್ದರು. ಅದಕ್ಕೇ ಇವರು ಹಟ ಹಿಡಿದು, ಎಂದೋ ಒಂದು ವೈಮಾನಿಕ ಪ್ರದರ್ಶನದಲ್ಲಿ ತಾವೇ ತೆಗೆದಿದ್ದ, ಮಂದಣ್ಣನವರು ಹಾರಿಸುತ್ತಿದ್ದ ಅದೇ ಮಿಗ್ಗಿನ ಸ್ಲೈಡನ್ನು ಹುಡುಕಿ ತೆಗೆದಿದ್ದರು.

ಇನ್ನೊಂದು ಕಾರಣವನ್ನು ಇವರು ಯಾರಿಗೂ ಹೇಳುವುದಿಲ್ಲ. ಎಣ್ಣೆಯ ಗೆರೆ, ಮಸಿ, ತುಕ್ಕು ಎಲ್ಲವನ್ನೂ ಹಿಂದೆ ಇವರು ಎರಡೇ ಎಳೆಯ ಬ್ರಷ್ಷಿನಲ್ಲಿ ಬರೆಯುತ್ತಿದ್ದರು. ಈಗ ಬಲಗೈ ನಡುಗುತ್ತದೆ. ಕೆಲವು ತಿಂಗಳಿಂದ ಇವರ ಲೋಟಕ್ಕೆ ನಾನು ಮುಕ್ಕಾಲು ಮಾತ್ರ ಕಾಫಿ ಹಾಕುತ್ತೇನೆ. ಇವರು ಯಾಕೆಂದು ಕೇಳಿಲ್ಲ. ಕೇಳದೇ ಇರುವುದರಿಂದಲೇ ಇವರಿಗೆ ಗೊತ್ತಿದೆ ಎಂದು ನನಗೆ ಗೊತ್ತು. ಡಾಕ್ಟರ ಮಾತೆತ್ತಿದರೆ "ಯಾರಿಗೆ ಹುಷಾರಿಲ್ಲ?" ಎಂದು ಪೇಪರು ಬಿಡಿಸಿಕೊಳ್ಳುತ್ತಾರೆ. ಈ ಸಲದ ವಿಮಾನವೂ ಹಾರಿಲ್ಲ ಎಂದರೆ ಇವರು ಇನ್ನು ಬ್ರಷ್ ಮುಟ್ಟುವುದಿಲ್ಲ. ಆಮೇಲೆ ಆ ಕೋಣೆಗೆ ಫ್ಯಾನ್ ಹಾಕಬಹುದು ಎಂದು ಖುಷಿಪಡುವಷ್ಟು ಗಟ್ಟಿ ಮನಸ್ಸು ನನಗಿಲ್ಲ.

"ವರದಾ, ಇದೇನೋ ವಾಸನೆ?" ಎಂದರು ಪ್ರಮೀಳಕ್ಕ.

ತಿರುಗಿ ನೋಡಿದೆ. ಅವರು ವಿಮಾನದ ಆಚೆ, ಗೋಡೆಗೆ ಮುಖ ಮಾಡಿ, ನಮ್ಮ ಮಾವನವರ ಫೋಟೋಗೆ ಅಂಟಿದ್ದ ಜೇಡರ ಬಲೆ ತೆಗೆಯುತ್ತ ನಿಂತಿದ್ದರು. ಅವರ ಕೆನೆಬಣ್ಣದ ಸೀರೆಯ ಬೆನ್ನಿನ ತುಂಬ ಮಸಿ, ಅಡ್ಡಲಾಗಿ ರಿವೆಟ್ ಮೊಳೆಗಳ ಸಾಲು. ಸರಿಯಾಗಿ ನಡುಬೆನ್ನಿಗೆ ಅಂಗೈಯಗಲದ ಕೆಂಪು ತ್ರಿಕೋನ. ಅದರಲ್ಲಿ ಇಂಗ್ಲಿಷಿನಲ್ಲಿ 'ಡೇಂಜರ್, ಎಜೆಕ್ಷನ್ ಸೀಟ್'. ಅಪಾಯ ಬಂದಾಗ ಪೈಲಟ್ಟನ್ನು ಸೀಟಿನ ಸಮೇತ ಹೊರಗೆಸೆಯುವ ವ್ಯವಸ್ಥೆ ಇಲ್ಲಿದೆ, ದೂರ ನಿಲ್ಲಿ ಎಂದು ಅದರ ಅರ್ಥ.

"ಅಯ್ಯೋ, ಮೊನ್ನೆ ಮೊನ್ನೆ ತಗೊಂಡ ಸೀರೆ ಕಣೋ. ನಿನ್ನ ತಲೆಗಿಷ್ಟು."

"ಇದು ಹೇಗಾಯ್ತು?" ಎಂದು ಇವರು ಗಡ್ಡ ಕೆರೆದುಕೊಂಡರು. "ವಿಮಾನದ ಮೇಲಿರೋ ತ್ರಿಕೋನ ಸಾಸಿವೆ ಕಾಳಿನಷ್ಟಿದೆ. ಅಕ್ಕನ ಮೇಲೆ ಇಷ್ಟು ದೊಡ್ಡದು ಹೇಗೆ ಬಂತು?"

"ಪ್ರೊಜೆಕ್ಟರ್ ಅಲ್ವೇನ್ರೀ ಇದು? ಪರದೆ ದೂರ ಹೋದಷ್ಟೂ ಚಿತ್ರ ದೊಡ್ಡದಾಗಲ್ವಾ?"

ಇವರು ನನ್ನನ್ನೇ ನೋಡಿದರು. "ನಾನು ಎಪ್ಪತ್ತೆರಡನೇ ಒಂದು ಭಾಗದಲ್ಲೇ ಯೋಚನೆ ಮಾಡ್ತಿದ್ದೆ. ವಿಮಾನದ ಆಚೆಗೂ ಜಗತ್ತಿದೆ ಅನ್ನೋದು ಹೊಳೀಲಿಲ್ಲ."

ಅದು ನನಗೆ ಹೊಸ ವಿಷಯವೇನಾಗಿರಲಿಲ್ಲ.

ಮಾರನೆಯ ದಿನ, ಮಹಡಿಯಲ್ಲಿ ಕರೆಂಟು ಸಾಲದೆಂದು ಯಂತ್ರ ಊಟದ ಮೇಜಿಗೆ ಇಳಿಯಿತು. ವಿಮಾನದ ಇನ್ನೊಂದು ಮಗ್ಗುಲಿಗೂ ವಯಸ್ಸು ಮಾಡಬೇಕಿತ್ತಂತೆ. "ಹಿಂದೆ ಏನೂ ಇಲ್ಲ ತಾನೇ, ನೋಡಿದ್ರಾ?" ಎಂದು ಅಡುಗೆಮನೆಯಿಂದ ಕೇಳಿದೆ. "ಯಾರೂ ಇಲ್ಲ" ಎಂದರು. ಏನು ಎಂದು ಕೇಳಿದ್ದಕ್ಕೆ ಯಾರು ಎಂದು ಉತ್ತರ ಬಂದದ್ದನ್ನು ನಾನು ಗಮನಿಸಬೇಕಿತ್ತು. ಹಿಂದೆ ಫ್ರಿಜ್ ಇತ್ತು. ಈಗ ಅದು ಗಡಿಯಲ್ಲಿ ಕಾಲ ಕಳೆದು ಬಂದ ಫ್ರಿಜ್ಜಿನಂತಿದೆ. ಬಾಗಿಲ ಮೇಲೆ 'ತುರ್ತು ಸಮಯದಲ್ಲಿ ಗಾಜು ಒಡೆದು ಹಿಡಿ ಎಳೆಯಿರಿ' ಎಂಬ ಸೂಚನೆ ಬೇರೆ.

"ಹಾಲಿಡೋಕೆ ನಾನು ಯಾವ ಗಾಜು ಒಡೀಲಿ?"

"ಕೋಪ ಮಾಡ್ಕೋಬೇಡ. ಈ ತುಕ್ಕಿನ ಬಣ್ಣ ನೋಡು ಸುಗುಣಾ. ಅಂಗಡೀಲಿ ಎಲ್ಲಿ ಸಿಗುತ್ತೆ ಹೇಳು."

ನನಗೆ ಬೆಂಬಲ ಕೊಡಬೇಕಾಗಿದ್ದವರು ಪ್ರಮೀಳಕ್ಕ. ಆದರೆ ಅವರು ಅಷ್ಟರಲ್ಲಿ ಶತ್ರುಪಕ್ಷ ಸೇರಿದ್ದರು. ಮಸಿ ಒಗೆದರೂ ಹೋಗದೆ, ನೀಲಿ ಸೀರೆ ಇನ್ನೂ ಒಣಗದೆ ಅದೇ ಸೀರೆಯಲ್ಲಿ ಮಾರ್ಕೆಟ್ಟಿಗೆ ಹೋಗಿದ್ದರು. ವಾಪಸು ಬಂದಾಗ ಮುಖ ಅರಳಿತ್ತು.

"ಬಸ್ಸಿನಲ್ಲಿ ನನ್ನ ಹಿಂದೆ ಒಬ್ಬನೂ ಒರಗಲಿಲ್ಲ ಕಣೇ ಸುಗುಣಾ. ಕಂಡಕ್ಟರು ಬೆನ್ನು ಓದಿದ, ಎದ್ದು ತನ್ನ ಸೀಟೇ ಬಿಟ್ಟುಕೊಟ್ಟ. ಇಷ್ಟು ವರ್ಷ ಬಸ್ಸಿನಲ್ಲಿ ಓಡಾಡಿ ಕಾಣದ ಮರ್ಯಾದೆ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ವರದಾ, ನೀಲಿ ಸೀರೆಗೂ ಒಂದು ಹಾಕ್ಕೊಡ್ತೀಯಾ?"

ನಗು ಬಂತು. ನಕ್ಕ ಮೇಲೆ ಅನ್ನಿಸಿತು: ಒಂದು ಹೆಂಗಸನ್ನು ಅವಳಷ್ಟಕ್ಕೆ ಬಿಡುವುದಕ್ಕೆ ಅವಳ ಬೆನ್ನಿಗೆ ಯುದ್ಧವಿಮಾನದ ಎಚ್ಚರಿಕೆ ಬರೆಯಬೇಕಾಯಿತಲ್ಲ. ಆ ಸಂಜೆ ಇವರು ಮಾಳಿಗೆಗೆ ಹೋದಾಗ, ನಾನೂ ಆ ಬೆಳಕಿಗೆ ಬೆನ್ನು ಕೊಟ್ಟು ನಿಲ್ಲಲೇ ಎಂದು ಒಂದು ಗಳಿಗೆ ಯೋಚಿಸಿದೆ. ನಿಲ್ಲಲಿಲ್ಲ. ನನ್ನ ಬೆನ್ನು ಓದುವವರಾದರೂ ಮನೆಯಲ್ಲಿ ಯಾರಿದ್ದಾರೆ?

ಭಾನುವಾರ ಸಭಾಂಗಣಕ್ಕೆ ಹೊರಟಾಗ ಇವರ ಒಂದು ಕಂಕುಳಲ್ಲಿ ವಿಮಾನದ ಡಬ್ಬ, ಇನ್ನೊಂದರಲ್ಲಿ ಯಂತ್ರ.

"ಯಂತ್ರ ಯಾಕ್ರೀ? ವಿಮಾನ ಒಂದು ಸಾಲದಾ?"

"ಕೇಳಿದರೆ ತೋರಿಸಬೇಕಲ್ಲ."

"ಯಾರೂ ಕೇಳಲ್ಲ."

"ಕೇಳದಿದ್ದರೆ ನಾನೇ ಹೇಳ್ತೀನಿ."

ಮಂದಣ್ಣನವರು ಮೇಜಿನಿಂದ ಮೇಜಿಗೆ ನಡೆಯುತ್ತ ಬಂದರು. ನೆಟ್ಟಗಿನ ಬೆನ್ನು, ಬಿಳಿ ಮೀಸೆ. ಅವರ ಹೆಂಡತಿ ದೇಚಮ್ಮ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತು ಸ್ವೆಟರ್ ಹೆಣೆಯುತ್ತಿದ್ದರು. ನಮ್ಮ ಮಿಗ್ಗಿನ ಎದುರು ಮಂದಣ್ಣನವರ ಕಾಲು ನಿಂತಿತು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಇದು ಹಾರಿದೆ" ಎಂದರು.

ನನಗೆ ಕಣ್ಣು ಮಂಜಾಯಿತು. ಇವರು ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೂ ಅಲ್ಲಿಗೇ ಮುಗಿಯುತ್ತಿತ್ತು.

"ಯಾವ ಬ್ರಷ್ಷಿನಲ್ಲಿ ಮಾಡಿದ್ರಿ?"

"ಬ್ರಷ್ ಅಲ್ಲ ಸಾರ್. ಯಂತ್ರ. ನಾನೇ ಮಾಡಿದ್ದು."

ಮಂದಣ್ಣನವರ ಮೀಸೆ ಇಳಿಯಿತು. "ಕೈಯಿಂದ ಮಾಡಿದ್ದಕ್ಕೆ ಮಾತ್ರ ಬಹುಮಾನ. ಅದು ನಿಯಮ."

"ಯಂತ್ರ ಮಾಡಿದ್ದು ಯಾರು ಸಾರ್? ನನ್ನ ಕೈಯೇ ಅಲ್ವಾ?"

"ಅಷ್ಟು ಒಳ್ಳೇ ಕೈ ಇದ್ದರೆ ಬ್ರಷ್ಷಿನಲ್ಲೇ ಮಾಡಬಹುದಿತ್ತಲ್ಲ. ಯಾಕೆ ಮಾಡಲಿಲ್ಲ?"

ಇವರ ಬಲಗೈ ಮೆಲ್ಲಗೆ ಪ್ಯಾಂಟಿನ ಜೇಬಿನೊಳಗೆ ಹೋಯಿತು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಹೇಳಿಬಿಡಲೇ? ಹೇಳಿದರೆ ವಿಮಾನಕ್ಕೆ ಬಹುಮಾನ ಬರಬಹುದು, ಆದರೆ ಇವರು ಇಷ್ಟು ದಿನ ಪೇಪರಿನ ಹಿಂದೆ ಬಚ್ಚಿಟ್ಟದ್ದನ್ನು ನಾನು ಊರಿಗೆಲ್ಲ ಹಂಚಿದ ಹಾಗಾಗುತ್ತದೆ. ಅರ್ಧ ಎದ್ದವಳು ಹಾಗೆಯೇ ಕೂತೆ.

"ನೋಡಿ ಬೇಕಾದರೆ" ಎಂದು ಇವರು ಮಾತು ತಪ್ಪಿಸುವುದಕ್ಕೆ ಸರಕ್ಕನೆ ಯಂತ್ರದ ಗುಂಡಿ ಒತ್ತಿದರು.

ಚಟ್ನಿಯ ಸದ್ದು ಶುರುವಾಯಿತು. ಗಾಜನ್ನು ಸರಿಹೊಂದಿಸಲು ಇವರು ಜೇಬಿನಿಂದ ಕೈ ತೆಗೆಯಲೇಬೇಕಾಯಿತು. ಎಲ್ಲರೆದುರು ಆ ಕೈ ನಡುಗಿತು. ಕೈಯೊಡನೆ ಗಾಜು ನಡುಗಿತು, ಗಾಜಿನೊಡನೆ ಬೆಳಕು. ಎರಡನೇ ಸಲ ಬೆಳಕು ಬಿದ್ದ ಪುಟ್ಟ ಮಿಗ್ಗು ಇನ್ನೊಂದು ಆಯುಷ್ಯ ತಡೆಯಲಾರದೆ ಒಂದು ರೆಕ್ಕೆ ಉದುರಿಸಿ ಮಂಡಿಯೂರಿತು. ಬೆಳಕು ಅಷ್ಟಕ್ಕೆ ನಿಲ್ಲದೆ ತೆರೆದ ಬಾಗಿಲು ದಾಟಿ, ಅಂಗಳ ದಾಟಿ, ಗೇಟಿನ ಬಳಿ ನಿಂತಿದ್ದ ಬಿಳಿ ಕಾರಿನ ಮೇಲೆ ಬಿತ್ತು. ಟಪ್ಪೆಂದು ಬಲ್ಬು ಸಿಡಿಯಿತು. ಯಂತ್ರ ಸತ್ತಿತು.

"ಅದು ನಮ್ಮ ಕಾರು" ಎಂದರು ದೇಚಮ್ಮ, ಹೆಣಿಗೆ ನಿಲ್ಲಿಸದೆ. "ಹೋದ ತಿಂಗಳು ತಗೊಂಡಿದ್ದು."

ಎಲ್ಲರೂ ಹೊರಗೆ ಓಡಿದೆವು. ಆ ದೂರಕ್ಕೆ ಚಿತ್ರ ಸರಿಯಾಗಿ ನಿಜವಾದ ವಿಮಾನದಷ್ಟೇ ದೊಡ್ಡದಾಗಿತ್ತು. ಬಿಳಿ ಕಾರು ಬೂದು ಬೆಳ್ಳಿಯಾಗಿತ್ತು. ಮೈತುಂಬ ರಿವೆಟ್ಟು. ಹಿಂಭಾಗ ಕಾಡಿಗೆ ಹಚ್ಚಿದಂತೆ ಕಪ್ಪು. ಬಾನೆಟ್ಟಿನ ಮೇಲೆ 'ನೋ ಸ್ಟೆಪ್'. ಇವರು ನನ್ನ ಪಕ್ಕಕ್ಕೆ ಬಂದು, ಕೈಯನ್ನು ಮತ್ತೆ ಜೇಬಿಗೆ ತುರುಕಿಕೊಂಡು, "ಪೇಂಟ್ ಮಾಡಿಸಿಕೊಡ್ತೀನಿ ಸಾರ್" ಎಂದರು, ಶಾಲೆಯ ಹುಡುಗನ ದನಿಯಲ್ಲಿ.

ಮಂದಣ್ಣನವರು ಕೇಳಿಸಿಕೊಳ್ಳಲಿಲ್ಲ. ಡ್ರೈವರ್ ಕಡೆಯ ಕಿಟಕಿಯ ಕೆಳಗೆ ಬಗ್ಗಿದ್ದರು. ಅಲ್ಲಿ ಅರ್ಧ ಅಳಿಸಿದ ಅಕ್ಷರದಲ್ಲಿ ಅವರದೇ ಹೆಸರಿತ್ತು. ಹೆಸರಿಗೆ ಮೊದಲು ಫ್ಲೈಟ್ ಲೆಫ್ಟಿನೆಂಟ್ ಎಂಬ ಹಳೆಯ ಪದವಿ. ಹೆಸರಿನ ಪಕ್ಕ ಒಂದು ಅಂಗೈಯಷ್ಟು ಜಾಗದಲ್ಲಿ ಬಣ್ಣ ಪೂರ್ತಿ ಸವೆದು ಲೋಹ ಹೊಳೆಯುತ್ತಿತ್ತು. ಅವರು ತಮ್ಮ ಕೈಯನ್ನು ಅದರ ಮೇಲಿಟ್ಟರು. ಅಳತೆ ಸರಿಯಾಗಿತ್ತು.

"ಇದು ನನ್ನ ಕೈಯಿಂದ ಸವೆದಿದ್ದು" ಎಂದರು. "ಏಣಿ ಹತ್ತಿ ಒಳಗೆ ಕೂರೋ ಮುಂಚೆ ಪ್ರತಿಸಲ ಇಲ್ಲಿ ಒತ್ತಿ ಹಿಡ್ಕೋತಿದ್ದೆ. ಯಾಕೆ ಗೊತ್ತಾ ವರದರಾಜ್?"

"ಇಲ್ಲ ಸಾರ್."

"ನಡುಗ್ತಿತ್ತು. ಮೆಕ್ಯಾನಿಕ್ ಹುಡುಗರು ಕೆಳಗೆ ನಿಂತು ನೋಡ್ತಿರೋರು. ಗೊತ್ತಾಗಬಾರದು ಅಂತ ಒತ್ತಿ ಹಿಡೀತಿದ್ದೆ."

ಇವರ ಕೈ ತಾನಾಗಿಯೇ ಜೇಬಿನಿಂದ ಹೊರಗೆ ಬಂತು. ಬಂದು ನನ್ನ ಭುಜದ ಮೇಲೆ ಕೂತಿತು, ನಡುಗುತ್ತಲೇ.

"ಸುಗುಣಾ, ನಾಳೆ ಆ ಡಾಕ್ಟರ ಹತ್ರ ಹೋಗಿ ಬರೋಣ್ವಾ?" ಎಂದರು, ನನ್ನ ಕಡೆ ನೋಡದೆ.

"ಹೂಂ, ಬೆಳಿಗ್ಗೇನೇ ಹೋಗೋಣ" ಎಂದೆ, ನಾನೂ ನೋಡದೆ.

ಮಂದಣ್ಣನವರು ಬೆನ್ನು ನೆಟ್ಟಗೆ ಮಾಡಿಕೊಂಡು ಅಲ್ಲೇ ತೀರ್ಪು ಕೊಟ್ಟರು. ಒಂದಕ್ಕೆ ಒಂದು ಅಳತೆಯ ವಿಭಾಗದಲ್ಲಿ ಮೊದಲ ಬಹುಮಾನ ವರದರಾಜರಿಗೆ.

"ಆ ಥರದ ವಿಭಾಗ ಇತ್ತಾ ಸಾರ್?" ಎಂದು ಯಾರೋ ಕೇಳಿದರು.

"ಈಗ ಇದೆ."

"ಯಂತ್ರದಲ್ಲಿ ಮಾಡಿದ್ದು ಬೇಡ ಅಂದಿದ್ರಿ."

"ಅವರ ಕೈ ಅಲುಗದೇ ಇದ್ದಿದ್ದರೆ ಇದು ಆಗ್ತಿತ್ತಾ? ಕೈಯಿಂದಲೇ ಮಾಡಿದ್ದು. ಬರ್ಕೊಳ್ಳಿ."

ಕಾರು ತೊಳೆಯಲು ಬಟ್ಟೆ ತಂದವನನ್ನು ಅವರು ಗದರಿ ಓಡಿಸಿದರು. ಕಿಟಕಿಯ ಕೆಳಗೆ ಒಮ್ಮೆ ಕೈಯೊತ್ತಿ, ಒಳಗೆ ಕೂತು, ಕಾರು ಮೇಲೇಳುತ್ತದೆಯೋ ಏನೋ ಎಂಬಂತೆ ಆಕಾಶ ನೋಡಿಕೊಂಡು ಕಾದರು. ದೇಚಮ್ಮ ನಿಧಾನವಾಗಿ ಉಲ್ಲನ್ ಉಂಡೆ ಸುತ್ತಿಕೊಂಡು ನನ್ನ ಕಡೆ ತಿರುಗಿದರು.

"ಮದುವೆಯಾದ ದಿನದಿಂದ ಆ ಮಿಗ್ ಸವತಿ ಜೊತೆ ಒಂದೇ ಮನೇಲಿ ಸಂಸಾರ ಮಾಡಿದ್ದೆ ಸುಗುಣಮ್ಮ. ರಿಟೈರ್ ಆದಾಗ ಅಂತೂ ತೊಲಗಿದಳು ಅಂದ್ಕೊಂಡಿದ್ದೆ. ನಿಮ್ಮೆಜಮಾನ್ರು ವಾಪಸ್ ಕರ್ಕೊಂಡು ಬಂದುಬಿಟ್ಟರು" ಎಂದು ಹೇಳಿ, ಕಾರಿನ ಹಿಂದಿನ ಸೀಟಿಗೆ ಹೋಗಿ ಕೂತರು.