ವಿಮಾನದೊಳಗಿನ ಸೆಕೆ ಮತ್ತು ಕೆಂಪು ಸ್ವೆಟರ್

ಹೆಂಡತಿಯ ಪ್ರೀತಿಯನ್ನು ಮೈಮೇಲೆ ಹಾಕಿಕೊಂಡು ತಿರುಗುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿತ್ತು. ಅದು ಕೆಂಪು ಉಣ್ಣೆಯದಾಗಿತ್ತು, ಗಂಟಲವರೆಗೆ ಗುಂಡಿಗಳಿದ್ದವು, ಮತ್ತು ನಾನದನ್ನು ಹಾಕಿಕೊಂಡದ್ದು ನವಲಗುಂದದ ಅಕ್ಟೋಬರ್ ಬಿಸಿಲಿನಲ್ಲಿ.

ಎಂಬತ್ತರ ದಶಕದ ಮಾತು. ಹತ್ತಿಗೆ ಹುಳ ಬಿದ್ದು, ವಿಮಾನದಿಂದ ಔಷಧ ಹೊಡೆಸುವುದೆಂದು ತೀರ್ಮಾನವಾಯಿತು. ಅದಕ್ಕೂ ಮೊದಲು ಇಬ್ಬರು ಕೂಡುವಷ್ಟು ಸಣ್ಣ ವಿಮಾನದಲ್ಲಿ ಹೋಗಿ ಹತ್ತಿ ಯಾವುದು, ಜೋಳ ಯಾವುದು, ಕುಡಿಯುವ ನೀರಿನ ಕೆರೆ ಯಾವುದು ಎಂದು ಪೈಲಟರಿಗೆ ಮೇಲಿನಿಂದಲೇ ತೋರಿಸಬೇಕಲ್ಲ? ಆ ಕೆಲಸ ಕೃಷಿ ಸಹಾಯಕನಾದ ನನ್ನ ಕೊರಳಿಗೇ ಬಂತು. ಸುದ್ದಿ ತಿರ್ಲಾಪುರದ ನಮ್ಮ ಓಣಿಗೆ ಮುಟ್ಟಿದ್ದೇ ತಡ, ಎಲ್ಲರೂ ದಿನಾ ವಿಮಾನ ಹತ್ತಿ ಇಳಿಯುವವರ ಹಾಗೆ ಮಾತಾಡತೊಡಗಿದರು. "ಮ್ಯಾಲ ಅಗದಿ ಥಂಡಿ ಇರತೈತಿ, ರಕ್ತ ಹೆಪ್ಪಗಟ್ಟತೈತಿ ನೋಡು" ಎಂದರು ಬಾಜು ಮನೆಯ ಕಾಕಾ. ಅವರು ಹುಬ್ಬಳ್ಳಿಯ ಆಚೆ ಕಾಲಿಟ್ಟವರಲ್ಲ. ನನ್ನ ಹೆಂಡತಿ ಗಂಗವ್ವ ಮಾತ್ರ ಅವತ್ತೇ ಹೆಣಿಗೆಯ ಸೂಜಿ ಹಿಡಿದಳು. ಹೊರಡುವ ದಿನ ಹೊಸ ಸ್ವೆಟರಿಗೆ ಒಂಚೂರು ಅರಿಶಿಣ ಹಚ್ಚಿ, ನನ್ನ ಹಣೆಗೆ ವಿಭೂತಿ ಬಳಿದು, "ಮಾಳಿಗಿ ಮ್ಯಾಲ ನಿಂತಿರತೀನ್ರಿ. ಕೆಂಪು ಕಂಡರ ನೀವು ಆರಾಮ ಅದೀರಿ ಅಂತ ತಿಳಕೋತೀನಿ. ಕಾಣಲಿಲ್ಲಂದ್ರ ನನ್ನ ಜೀವಾ ನಿಂದರೂದಿಲ್ಲ" ಎಂದಳು. ಕಣ್ಣಲ್ಲಿ ನೀರಿತ್ತು. ಇನ್ನು ಅದನ್ನು ಬಿಚ್ಚುವ ಮಾತೆಲ್ಲಿ ಬಂತು!

ಪೈಲಟ್ ರಫೀಕ್ ಸಾಹೇಬರು ಹುಬ್ಬಳ್ಳಿಯವರು, ತೆಳುವಾದ ಅಂಗಿ ತೊಟ್ಟಿದ್ದರು. ನನ್ನನ್ನು ನೋಡಿ "ಏನ್ರೀ, ಹಿಮಾಲಯಕ್ಕ ಹೊಂಟೀರೇನು?" ಎಂದರು. ವಿಮಾನ ಏರಿತು. ಏರಿದ ಹಾಗೆ ನನ್ನ ಪಾದಗಳು ಬೇಯತೊಡಗಿದವು. ಎಂಜಿನ್ನಿನ ಬಿಸಿಗಾಳಿಯನ್ನು ಚಳಿಗಾಲದಲ್ಲಿ ಒಳಗೆ ಬಿಡಲು ಕಾಲ ಬಳಿ ಒಂದು ಕಿಂಡಿ ಇರುತ್ತದಂತೆ. ಅದರ ಮುಚ್ಚಳದ ತಂತಿ ಕಿತ್ತುಹೋಗಿ, ಕಿಂಡಿ ಬಾಯಿ ತೆರೆದುಕೊಂಡೇ ಇತ್ತು. ಸಾಹೇಬರು ಹಿಡಿಕೆ ಜಗ್ಗಿದರು, ಗುದ್ದಿದರು, ಬೈದರು, ಕಡೆಗೆ ಬಾಜುವಿನ ಕಿಟಕಿ ತೆರೆದರು. ಕಿಟಕಿಯ ಗಾಳಿ ಕಿವಿಗೆ ಬಡಿಯುತ್ತಿತ್ತು, ಕಿಂಡಿಯ ಗಾಳಿ ಕಾಲಿಗೆ. ನಡುವೆ ಉಣ್ಣೆಯೊಳಗೆ ನಾನು ಕಡುಬಿನ ಹಾಗೆ ಬೇಯುತ್ತಿದ್ದೆ.

"ಅದನ್ನ ಬಿಚ್ಚಿ ಆ ಕಿಂಡಿಗೆ ತುರುಕ್ರಿ. ಇಬ್ಬರೂ ಉಳೀತೀವಿ."

"ಆಗೂದಿಲ್ರಿ ಸಾಹೇಬ್ರ. ನಮ್ಮಾಕಿ ಮಾಳಿಗಿ ಮ್ಯಾಲಿಂದ ಇದನ್ನ ನೋಡಬೇಕು. ಕಾಣಲಿಲ್ಲಂದ್ರ ಗಾಬರಿ ಆಗತಾಳ."

ಸಾಹೇಬರು ನನ್ನ ಮುಖವನ್ನೇ ನೋಡಿದರು. ನಾನು ಕೆಂಪಗಾಗಿದ್ದೆನೋ ಸ್ವೆಟರ್ ಕೆಂಪಗಿತ್ತೋ ಅವರಿಗೆ ಬಗೆಹರಿದಿರಲಿಕ್ಕಿಲ್ಲ. "ನಮ್ಮಾಕೀನೂ ಹಿಂಗ ಅದಾಳ ಬಿಡ್ರಿ" ಎಂದು ನಕ್ಕು, ಹತ್ತಿ ಹೊಲಗಳನ್ನು ಹಿಂದಕ್ಕೆ ಬಿಟ್ಟು ಮೊದಲು ತಿರ್ಲಾಪುರದ ಕಡೆಗೇ ತಿರುಗಿಸಿದರು. ಪುಣ್ಯಾತ್ಮ!

ನಮ್ಮ ಮಾಳಿಗೆಯ ಮೇಲೆ ಗಂಗವ್ವನ ಹಸಿರು ಸೀರೆ ಕಂಡಿತು. ನಾನು ಎದೆಯನ್ನು ಕಿಟಕಿಗೆ ಒತ್ತಿ ಕೈ ಬೀಸಿದೆ. ಆ ಕಡೆಯಿಂದ ಸೆರಗೂ ಬೀಸಿತು. ನನಗೆ ಕಣ್ಣು ತುಂಬಿ ಬಂತು. ಊರು ದಾಟಿದ ಮೇಲೆ ಸ್ವೆಟರ್ ಕಿತ್ತು ಕಿಂಡಿಗೆ ತುರುಕಿದೆ. ಆಹಾ, ಜೀವ ಬಂತು. ಹೊಲ, ಕೆರೆ ಎಲ್ಲ ತೋರಿಸಿ ಇಳಿಯುವಷ್ಟರಲ್ಲಿ ಸ್ವೆಟರಿನ ಒಂದು ತೋಳು ಕಮರಿ ಕಪ್ಪಾಗಿತ್ತು.

ಮನೆಗೆ ಬಂದು ಅಂಜುತ್ತಲೇ ಮುಂದೆ ಹಿಡಿದೆ. ಗಂಗವ್ವ ಅದನ್ನು ಬದಿಗಿಟ್ಟು ನನ್ನ ಕೈಗಳನ್ನು ತಿರುವಿ ತಿರುವಿ ನೋಡಿದಳು. "ನಿಮಗೇನೂ ಆಗಿಲ್ಲಲ್ಲ? ಸಾಕು ಬಿಡ್ರಿ."

"ಕೆಂಪು ಕಂಡಿತಿಲ್ಲೋ ನಿನಗ?"

ಅವಳು ತಲೆ ತಗ್ಗಿಸಿದಳು. "ಸಪ್ಪಳ ಕೇಳಿದ ಕೂಡಲೇ ಅಂಜಿಕಿ ಬಂತ್ರಿ. ಮಾಳಿಗಿ ಹತ್ತಲೇ ಇಲ್ಲ. ನೀವು ಬರೂ ತನಕಾ ದೇವರ ಮುಂದ ಕಣ್ಣ ಮುಚ್ಚಿ ಕುಂತಿದ್ದೆ."

"ಮತ್ತ ಆ ಹಸಿರು ಸೀರಿ?"

"ಮುಂಜಾನೆ ಒಗದು ಮಾಳಿಗಿ ಮ್ಯಾಲ ಒಣ ಹಾಕಿದ್ದೆ. ಯಾಕ್ರಿ?"

"ಏನಿಲ್ಲ" ಎಂದೆ. ಆ ಸೀರೆಗೆ ನಾನು ಗಾಳಿಯಲ್ಲಿ ಒಂದು ಮುತ್ತನ್ನೂ ಕೊಟ್ಟು ಬಂದಿದ್ದೆ. ರಫೀಕ್ ಸಾಹೇಬರು, ಪಾಪ, ಮರ್ಯಾದಸ್ಥರು, ಆಗ ಮುಖ ಅತ್ತ ತಿರುಗಿಸಿಕೊಂಡಿದ್ದರು.