ದೊರೆಸಾನಿಯ ಕಿವಿ

ಎಮ್ಮೆಯ ಮೇಲೆ ಕೂತಿದ್ದ ಗೊರವಂಕ ಯಾರಿಗೂ ಏನೂ ಮಾಡಿರಲಿಲ್ಲ. ಪಕ್ಕದ ಮನೆಯ ಕಂಪೌಂಡರನ ಕಣ್ಣಿಗೆ ಬಿತ್ತು, ಅಷ್ಟೇ ಅದು ಮಾಡಿದ ತಪ್ಪು.

ಕಂಪೌಂಡರ್ ದನದ ಆಸ್ಪತ್ರೆಯಲ್ಲಿ ಔಷಧಿ ಬೆರೆಸುವವನು. ದಿನಾ ಹಾಲಿನವನ ಜಗಲಿಯಲ್ಲಿ ಕೂತು ಒಂದು ಲೋಟ ಚಹಾ ಕುಡಿದು, ಬದಲಿಗೆ ಒಂದು ಸಲಹೆ ಕೊಟ್ಟು ಹೋಗುವುದು ಅವನ ಪದ್ಧತಿ. ಹಾಲು ಆ ಮನೆಯದು, ಸಕ್ಕರೆ ಆ ಮನೆಯದು, ಸಲಹೆಯಿಂದ ಆಗುವ ನಷ್ಟವೂ ಆ ಮನೆಯದೇ. ಇವತ್ತು ಅವನಿಗೆ ರಜೆ ಬೇರೆ.

"ಇವತ್ತು ಸಂಜೆ ಅಲ್ವೇನಯ್ಯಾ ಎಮ್ಮೆ ಕೊಳ್ಳೋನು ಬರೋದು?"

"ಹೂಂ" ಎಂದ ಹಾಲಿನವನು. ಆ ಒಂದು ಅಕ್ಷರದ ಹಿಂದೆ ಎರಡು ಆಕಳಿಕೆ ಬಂದವು. ಬೀದಿಯವರು ಅವನನ್ನು ಆಕಳಿಕೆಯಣ್ಣ ಎಂದೇ ಕರೆಯುತ್ತಿದ್ದರು. ಕತ್ತಲಲ್ಲಿ ಎದ್ದು ಸಗಣಿ ಬಾಚಿ, ಹಾಲು ಕರೆದು, ಮನೆಮನೆಗೆ ಕೊಟ್ಟು ಬರುವ ಹೊತ್ತಿಗೆ ಮತ್ತೆ ಕರೆಯುವ ಹೊತ್ತು. ಮದುವೆಯಾದಾಗಿನಿಂದ ಅವನು ಬಿಸಿಲೇರುವ ತನಕ ಮಲಗಿದ್ದೇ ಇಲ್ಲ.

ಈಗ ಗ್ರಂಥಾಲಯದಲ್ಲಿ ಬಾಗಿಲು ಕಾಯುವ ಕೆಲಸ ಸಿಕ್ಕಿತ್ತು. ಕೆಲಸವೆಂದರೆ ಕುರ್ಚಿ. ಕೈಯಿರುವ ಕುರ್ಚಿ, ತಲೆಯ ಮೇಲೆ ಫ್ಯಾನು. ನಾಳೆಯೇ ಸೇರಬೇಕು. ಆದರೆ ದೊರೆಸಾನಿ ಎಂಬ ಆ ಕರಿ ಎಮ್ಮೆ ಕೊಟ್ಟಿಗೆಯಲ್ಲಿರುವ ತನಕ ಕುರ್ಚಿಯ ಮಾತು ಎತ್ತಕೂಡದೆಂದು ಹೆಂಡತಿ ಹೇಳಿಬಿಟ್ಟಿದ್ದಳು.

"ಮೊದಲು ಆ ಹಕ್ಕಿ ಓಡ್ಸು" ಎಂದ ಕಂಪೌಂಡರ್. "ಮೈಮೇಲೆ ಹಕ್ಕಿ ಕೂತಿದೆ ಅಂದ್ರೆ ಒಳಗೆ ರಕ್ತ ಹೀರೋ ಉಣುಗು ತುಂಬಿದೆ ಅಂತಲೇ ಅರ್ಥ. ಬಂದೋನು ನೋಡಿದ್ರೆ ಬಾಗಿಲಿಂದಲೇ ವಾಪಸ್ಸು."

ಹಾಲಿನವನು ಚಪ್ಪಲಿ ಎಸೆದ. ಗೊರವಂಕ ಒಂದು ಗೇಣು ಸರಿದು ಕೂತಿತು. ಚಪ್ಪಲಿ ಗೋಡೆ ದಾಟಿ ದರ್ಜಿ ಅಕ್ಕನ ಅಂಗಳಕ್ಕೆ ಬಿತ್ತು. ಕೋಲು ಎಸೆದ, ಹಕ್ಕಿ ಹಾರಿ ಅವಳ ಹಗ್ಗದ ಮೇಲೆ ಕೂತು, ಗಿರಾಕಿಯ ಬಿಳಿ ಅಂಗಿಗೆ ತನ್ನ ಅಭಿಪ್ರಾಯ ತಿಳಿಸಿತು.

"ಏನಣ್ಣಾ, ಹಕ್ಕಿ ಸಾಕ್ತೀಯೋ, ನನ್ನ ಹೊಟ್ಟೆ ಮೇಲೆ ಹೊಡೀತೀಯೋ?" ಎಂದು ಅಕ್ಕ ತಟ್ಟೆ ಬಡಿಯುತ್ತ ಬಂದಳು. ಅವಳ ತಟ್ಟೆ, ಕಂಪೌಂಡರನ ಶಿಳ್ಳೆ, ಹಾಲಿನವನ ಕೂಗು ಸೇರಿ ಗೊರವಂಕ ಬೀದಿ ಬಿಟ್ಟು ಹೋಯಿತು. ಮೂವರೂ ಯುದ್ಧ ಗೆದ್ದವರಂತೆ ಚಹಾ ಕುಡಿದರು.

ಮಧ್ಯಾಹ್ನ ಕರೆಯಲು ಕೂತರೆ ದೊರೆಸಾನಿ ಒಂದು ಹನಿ ಹಾಲೂ ಇಳಿಸಲಿಲ್ಲ. ಕೆಚ್ಚಲು ಕಲ್ಲಿನಂತೆ ಬಿಗಿದುಕೊಂಡು ನಿಂತಳು.

"ಹಕ್ಕಿ ಎಲ್ರೀ?" ಎಂದಳು ಹೆಂಡತಿ. "ಅದು ಕಿವಿ ಒಳಗೆ ಕುಕ್ಕಿ ಕುಕ್ಕಿ ಉಣುಗು ತೆಗೆದ್ರೇನೇ ಅವಳು ಕಣ್ಣು ಮುಚ್ಚಿ ಹಾಲು ಬಿಡೋದು. ದಿನಾ ಕರೀತೀರಿ, ಗೊತ್ತಿಲ್ವಾ?"

ಹೇಗೆ ಗೊತ್ತಿರಬೇಕು? ಅವನು ಇಷ್ಟು ವರ್ಷವೂ ನಿದ್ದೆಯಲ್ಲೇ ಹಾಲು ಕರೆದಿದ್ದ.

ಕೊಳ್ಳುವವನು ಕಣ್ಣಾರೆ ಹಾಲು ಕರೆಸಿ ನೋಡುತ್ತೇನೆ ಎಂದಿದ್ದ. ಹಾಲಿಲ್ಲ ಎಂದರೆ ಕುರ್ಚಿಯೂ ಇಲ್ಲ. ಹಾಲಿನವನು ಕಾಳು ಹಿಡಿದು ಬೀದಿ ಬೀದಿ ಅಲೆದ. ಹಕ್ಕಿ ಕಂಪೌಂಡರನ ಸ್ಕೂಟರಿನ ಕನ್ನಡಿ ಮೇಲೆ ಕೂತು ತನ್ನ ಮುಖವನ್ನೇ ಕುಕ್ಕುತ್ತಿತ್ತು. ಇವನನ್ನು ಕಂಡು, ಚಪ್ಪಲಿ ಎಸೆದವನ ಕಾಳು ಯಾರಿಗೆ ಬೇಕು ಎನ್ನುವಂತೆ ಮರ ಹತ್ತಿತು.

"ಅದಕ್ಕೇನೀಗ?" ಎಂದಳು ದರ್ಜಿ ಅಕ್ಕ. ಚಿಂದಿಬಟ್ಟೆ ಸುತ್ತಿ, ಗುಂಡಿಯ ಕಣ್ಣು ಹೊಲಿದು, ಹುಲ್ಲು ತುಂಬಿ ಒಂದು ಹಕ್ಕಿ ಮಾಡಿಕೊಟ್ಟಳು. ಅದನ್ನು ದೊರೆಸಾನಿಯ ಕೊಂಬಿಗೆ ಕಟ್ಟಿದರು. ದೊರೆಸಾನಿ ತಲೆ ಕೊಡವಿದಳು. ಹಕ್ಕಿ ಜಾರಿ ಮೂತಿಯ ಮುಂದೆ ತೂಗಿತು. ಅವಳು ಅದನ್ನು ಗುಂಡಿ ಸಮೇತ ತಿಂದಳು.

"ಕಿವಿ ಹತ್ರ ಕಟ್ಟಬೇಕಿತ್ತು ಕಣಯ್ಯಾ" ಎಂದ ಕಂಪೌಂಡರ್. ಎಲ್ಲ ಮುಗಿದ ಮೇಲೆ ಸರಿಯಾದ ಜಾಗ ತೋರಿಸುವ ಇಂಥವರ ಬಾಯಿಗೆ ಯಾವ ಔಷಧಿ ಬೆರೆಸಬೇಕೋ!

ಅಷ್ಟರಲ್ಲಿ ಕೊಳ್ಳುವವನು ಬಂದೇಬಿಟ್ಟ. ಮೀಸೆಯ ಮನುಷ್ಯ; ಎಮ್ಮೆಯ ಸುತ್ತ ಒಂದು ಸುತ್ತು ಹಾಕಿ, "ಕರೀರಿ ನೋಡೋಣ" ಎಂದ.

ಹೆಂಡತಿ ಚೊಂಬು ಹಿಡಿದು ಕೂತಳು. ಹಾಲಿನವನಿಗೆ ಬೇರೆ ದಾರಿ ತೋಚಲಿಲ್ಲ. ದೊರೆಸಾನಿಯ ಕಿವಿಯೊಳಗೆ ಎರಡು ಬೆರಳು ಹಾಕಿ ಉಣುಗು ಹುಡುಕಿ ಕೀಳತೊಡಗಿದ. ಒಂದು ಕಿತ್ತ. ಇನ್ನೊಂದು ಕಿತ್ತ. ಕಿವಿಯ ಬುಡ ಕೆರೆದ. ದೊರೆಸಾನಿಯ ಕಣ್ಣು ಮೆಲ್ಲಗೆ ಮುಚ್ಚಿತು. ಚೊಂಬಿನಲ್ಲಿ ಸೊರ್ ಸೊರ್ ಎಂದು ನೊರೆ ಎದ್ದಿತು.

"ಭೇಷ್! ನಾಳೆ ಬೆಳಿಗ್ಗೆ ಹೊಡ್ಕೊಂಡು ಹೋಗ್ತೀನಿ" ಎಂದ ಮೀಸೆಯವನು.

ಹಾಲಿನವನಿಗೆ ಕುರ್ಚಿಯ ಕೈಗಳು ಮೊಣಕೈಗೆ ತಾಗಿದಂತಾಯಿತು. ಅದೇ ಹೊತ್ತಿಗೆ ಗೊರವಂಕ ಮರದಿಂದಿಳಿದು ದೊರೆಸಾನಿಯ ತಲೆಯ ಮೇಲೆ ಕೂತಿತು.

"ಹಕ್ಕಿ ಬಗ್ಗೆ ಯೋಚ್ನೆ ಬೇಡ" ಎಂದ ಮೀಸೆಯವನು. "ಒಳ್ಳೇದೇ. ನಮ್ಮಲ್ಲಿ ಎಮ್ಮೆಗೊಂದು ಹಕ್ಕಿ ಇದೆ."

ಹಾಲಿನವನು ಕಂಪೌಂಡರನ ಕಡೆ ನೋಡಿದ. ಕಂಪೌಂಡರ್ ಆಕಾಶದ ಕಡೆ ನೋಡಿದ.

ಹೋಗಲಿ, ಕೈಗೆ ಬಿಡುವಾಯಿತಲ್ಲ ಎಂದು ಹಾಲಿನವನು ಬೆರಳು ಹೊರತೆಗೆದ. ಗೊರವಂಕ ತನ್ನ ಹಳೆಯ ಕೆಲಸಕ್ಕೆ ಕಿವಿಯೊಳಗೆ ಕೊಕ್ಕಿಟ್ಟಿತು. ದೊರೆಸಾನಿ ಕಣ್ಣು ತೆರೆದಳು, ತಲೆ ಕೊಡವಿ ಹಕ್ಕಿಯನ್ನು ಎತ್ತಿ ಎಸೆದಳು, ಹಾಲಿನ ಚೊಂಬನ್ನು ಒದ್ದು ಉರುಳಿಸಿದಳು. ಆಮೇಲೆ ಕತ್ತು ತಿರುಗಿಸಿ ಹಾಲಿನವನ ಬೆರಳುಗಳನ್ನೇ ನೋಡುತ್ತ ನಿಂತಳು.

ಅವನು ಬೆರಳಿಟ್ಟ, ಹಾಲು ಬಂತು. ತೆಗೆದ, ನಿಂತಿತು. ಮೀಸೆಯವನೇ ಕಿವಿಗೆ ಕೈ ಹಾಕಿದ. ಕೊಂಬು ಅವನ ಪಕ್ಕೆಗೆ ಬಂತು.

"ಎಮ್ಮೆ ಚೆನ್ನಾಗಿದೆ ಕಣಪ್ಪಾ" ಎಂದ ಪಕ್ಕೆ ನೀವಿಕೊಳ್ಳುತ್ತ. "ಆದ್ರೆ ನಿನ್ನನ್ನ ಎಲ್ಲಿ ಕಟ್ಟಲಿ?" ಬಂದ ದಾರಿಯಲ್ಲೇ ಹೋದ.

"ಬೇಜಾರು ಮಾಡ್ಕೋಬೇಡ" ಎಂದ ಕಂಪೌಂಡರ್ ಜಗಲಿಗೆ ಬಂದು ಕೂರುತ್ತ. "ಆ ಕುರ್ಚಿ ಸುಮ್ನೆ ಖಾಲಿ ಬೀಳೋದು ಬೇಡ. ನನ್ನ ಭಾವಮೈದ ಮನೇಲೇ ಇದ್ದಾನೆ, ನಾಳೆ ಕಳಿಸ್ತೀನಿ."

ಹಾಲಿನವನ ಹೆಂಡತಿ ಮತ್ತೆ ಚೊಂಬು ಹಿಡಿದು ಕೂತಳು. ಅವನ ಎರಡೂ ಕೈ ದೊರೆಸಾನಿಯ ಎರಡೂ ಕಿವಿಯಲ್ಲಿದ್ದವು. ಕೆಲಸ ಕಳೆದುಕೊಂಡ ಗೊರವಂಕ ಸ್ವಲ್ಪ ಹೊತ್ತು ಗೋಡೆಯ ಮೇಲೆ ಅತ್ತಿತ್ತ ನಡೆದಾಡಿ, ಕೊನೆಗೆ ಹಾರಿ ಬಂದು ಅವನ ನೆತ್ತಿಯ ಮೇಲೆ ಕೂತು ಕೂದಲೊಳಗೆ ಕುಕ್ಕತೊಡಗಿತು. ಓಡಿಸಲು ಕೈ ಖಾಲಿಯಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಕಣ್ಣೂ ಮೆಲ್ಲಗೆ ಮುಚ್ಚಿತು.

"ಹಾಲು ಚೆನ್ನಾಗಿ ಬರ್ತಿದೆ ಅಲ್ವಾ ತಂಗೀ" ಎಂದ ಕಂಪೌಂಡರ್, ಖಾಲಿ ಲೋಟ ಚಾಚಿ. "ಈ ಸಲ ನೀರು ಕಡಿಮೆ ಹಾಕಮ್ಮಾ."