ಶೇಂಗಾಹೋಳಿಗೆಯ ಹರಣವೂ ಹುರಕಡ್ಲಿ ವೀರನ ದಿಗ್ವಿಜಯವೂ

ಮುಟ್ಟಿದವನ ಕುರುಹನ್ನು ಗಾಜಿನ ಮೇಲೂ ಲೋಹದ ಮೇಲೂ ಕಾಪಾಡಿಕೊಡುವ ಹೇ ಸ್ವೇದಬಿಂದುವೇ, ಮೊದಲ ನಮಸ್ಕಾರ ನಿನಗೆ. ಕಾಣದ್ದನ್ನು ಕಾಣಿಸುವ ಹೇ ಕೃಷ್ಣಚೂರ್ಣವೇ, ಎರಡನೆಯದು ನಿನಗೆ. ಬಾಯುಳ್ಳ ಮನುಷ್ಯರಿಗಿಂತ ಬಾಯಿಲ್ಲದ ವಸ್ತುಗಳ ಮಾತನ್ನೇ ನ್ಯಾಯಸಭೆಗಳು ನಂಬತೊಡಗಿದ ಈ ಯುಗದಲ್ಲಿ, ಮಲಪ್ರಭೆಯ ಈಚೆಗಿನ ಒಂದಾನೊಂದು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ, ಶಂಖಚಕ್ರಾಂಗುಲಿರೇಖಾವಿಶಾರದನೂ ತಸ್ಕರಕುಲನಿದ್ರಾಭಂಗದೀಕ್ಷಿತನೂ ಭೂತಗನ್ನಡಿಯೇಕಾಯುಧನೂ ಆದ ಡಾಕ್ಟರ್ ಶಿವಲಿಂಗಪ್ಪ ಹುರಕಡ್ಲಿ ಎಂಬ ಮಹಾವೀರನು, ಮಧ್ಯಾಹ್ನದ ವೇಳೆಗೆ ಬಹಳ ಹಸಿದಿದ್ದನು.

ಹಸಿವಿಗೆ ಕಾರಣವಿತ್ತು. ಅಂದು ಮನೆಯಿಂದ ಸ್ಟೀಲಿನ ಡಬ್ಬಿಯಲ್ಲಿ ಶೇಂಗಾಹೋಳಿಗೆ ಬಂದಿತ್ತು. ಅದನ್ನು ಅವನು ರಕ್ತದ ಕಲೆಗಳ ವಿಭಾಗದ ಒಡತಿ ನೀಲಗಂಗಾ ಕರಮುಡಿಯೊಡನೆ ಹಂಚಿಕೊಳ್ಳಬೇಕಿತ್ತು. ಕೆಲಸಕ್ಕೆ ಸೇರಿದಂದಿನಿಂದ ಅವರಿಬ್ಬರ ಊಟ ಒಂದೇ ಮೇಜಿನಲ್ಲಿ. ರೊಟ್ಟಿ-ಪಲ್ಯ ಅವಳದು, ಸಿಹಿಯೂ ಖಾರವೂ ಇವನದು. ಹೆಣಗಳ ವರದಿಗಳ ನಡುವೆ ಮನುಷ್ಯರಂತೆ ನಗುವ ಹೊತ್ತು ಅದೊಂದೇ ಆದ್ದರಿಂದ ವೀರನಿಗೆ ಆ ಊಟವೆಂದರೆ ಪ್ರಾಣ.

ಅದೇ ಬೆಳಗ್ಗೆ ಪೇಡೆ ಅಂಗಡಿಯೊಂದರ ಕಳವಿನ ಪ್ರಕರಣದಲ್ಲಿ, ಕಳ್ಳನು ಬರಿದು ಮಾಡಿ ಬಿಟ್ಟುಹೋದ ಡಬ್ಬಿಯೊಂದು, ಆಗಲೇ ಜೈಲು ಸೇರಿದ್ದ ಅವನ ಬೆರಳಚ್ಚಿನ ಹಾಳೆಯೊಡನೆ, ಪರೀಕ್ಷೆಗೆ ಬಂದಿತ್ತು. ಅದೂ ಸ್ಟೀಲಿನದೇ, ಮದುವೆಗಳಲ್ಲಿ ಉಡುಗೊರೆ ಕೊಡುವಂಥ ಮಾಮೂಲಿನದು. ಕೈಗವಸು ತೊಟ್ಟು ಅದರ ಕಟ್ಟನ್ನು ಬಿಚ್ಚಿದ್ದನಷ್ಟೇ, ನಿರ್ದೇಶಕರಿಂದ ಕರೆ ಬಂತು. ಸಾಕ್ಷ್ಯವನ್ನು ಬಿಚ್ಚಿಟ್ಟು ಒಂದು ಹೆಜ್ಜೆಯೂ ಕದಲಬಾರದೆಂಬುದು ಆ ಕುಲದ ಧರ್ಮ. ಮೇಜಿನ ಮೇಲಿದ್ದ ಡಬ್ಬಿಯನ್ನು ಸರಸರನೆ ಬಟ್ಟೆಯಲ್ಲಿ ಸುತ್ತಿ, ಅರಗು ಕರಗಿಸಿ, ಮೊಹರೊತ್ತಿ, ಕಪಾಟಿನಲ್ಲಿಟ್ಟು ಬೀಗ ಜಡಿದು, ಪಕ್ಕದಲ್ಲಿದ್ದ ಇನ್ನೊಂದು ಡಬ್ಬಿಯನ್ನು ಊಟದ ಕೋಣೆಯ ಫ್ರಿಜ್ಜಿಗೆ ಸೇರಿಸಿ ಸಭೆಗೆ ಓಡಿದನು.

ಸಭೆ ಮುಗಿದು ಬಂದು ಫ್ರಿಜ್ಜು ತೆರೆದು ಮುಚ್ಚಳ ಎತ್ತಿದರೆ, ಹೋಳಿಗೆಯಿಲ್ಲ. ಒಂದು ಚೂರೂ ಇಲ್ಲ. ಲೋಕವೇ ಖಾಲಿಯಾದಂತಾಯಿತು ಅವನಿಗೆ. ಆದರೂ ಕೈಗವಸು ಮರೆಯಲಿಲ್ಲ.

ಆಗ ಅವನು ಸಾಕ್ಷಿಕಟ್ಟೆಯಲ್ಲಿ ನಿಂತಾಗಿನ ಭಾಷೆಯಲ್ಲಿ ಗರ್ಜಿಸಿದನು: "ಎಲೈ ಹೋಳಿಗೆಗಳ್ಳ, ಕೇಳು. ನೀನು ಮುಟ್ಟಿದ್ದೇ ಆದರೆ ನಿನ್ನ ಗುರುತು ಇಲ್ಲಿದೆ. ನಾಲಿಗೆ ಹೊರಳೀತು, ರೇಖೆ ಹೊರಳದು. ಇಂದು ಸಂಜೆಯೊಳಗೆ ನಿನ್ನನ್ನು ಹಿಡಿಯದಿದ್ದರೆ ಈ ಹುರಕಡ್ಲಿ ಭೂತಗನ್ನಡಿ ಮುಟ್ಟನು."

"ಯಾರಿಗ್ರೀ ಸರ, ಇಷ್ಟ್ ಜೋರು?" ಎನ್ನುತ್ತ ರೊಟ್ಟಿಯ ಗಂಟಿನೊಡನೆ ಕರಮುಡಿ ಬಂದಳು. ಅವಳ ಬಿಳಿ ಕೋಟಿನ ತೋಳಿನ ಮೇಲೆ ಎಣ್ಣೆಯ ಕಲೆಯೊಂದು ವೀರನ ಕಣ್ಣಿಗೆ ಬಿತ್ತು. ಹಸಿದವನ ಬುದ್ಧಿ ಅಲ್ಲೇ ಕೆಟ್ಟಿತು.

"ಮೇಡಂ, ತಪ್ಪು ತಿಳೀಬ್ಯಾಡ್ರಿ. ಬೆರಳಚ್ಚು ಕೊಡಬೇಕಾಗ್ತದ."

ಅವಳು ಗಂಟನ್ನು ಕೆಳಗಿಟ್ಟಳು. "ಇದು ಬದನಿಕಾಯಿ ಪಲ್ಯದ ಎಣ್ಣಿ ಸರ. ನಿಮ್ಮನ್ನ ಬಿಟ್ಟು ನಾ ಎಂದರ ತಿಂದೀನೇನು? ಇರ್ಲಿ, ಹತ್ತೂ ಬೆರಳು ತಗೋರಿ. ಆದ್ರ ನಾಳಿಂದ ನಾ ಮ್ಯಾಲಿನ ಕ್ಯಾಂಟೀನಿನ್ಯಾಗ ಉಣ್ತೀನಿ."

ವೀರನು ಆಡಿದ ಮಾತನ್ನು ನುಂಗಿಬಿಡಬಹುದಿತ್ತು; ಆದರೆ ಪ್ರತಿಜ್ಞೆ ಮಾಡಿದವರಿಗೆ ಆ ಸುಖವೆಲ್ಲಿ? ಮಸಿ ಹಚ್ಚಿ ಅವಳ ಹತ್ತೂ ಬೆರಳನ್ನು ಕಾಗದಕ್ಕೆ ಒತ್ತಿಸಿಕೊಂಡನು.

ಅನಂತರ ನಡೆದದ್ದು ಘೋರ ಸಂಗ್ರಾಮ. ಅಳಿಲಿನ ಬಾಲದಷ್ಟು ಮೆತ್ತನೆಯ ಕುಂಚದಿಂದ ಕೃಷ್ಣಚೂರ್ಣ ಉದುರಿತು. ಟಾರ್ಚಿನ ಬೆಳಕು ಓರೆಯಾಗಿ ಬಿತ್ತು. ಲೋಹದ ಮೈಯಿಂದ ಚಕ್ರಾಕಾರದ ಹೆಬ್ಬೆರಳೊಂದು, ನಡುವೆ ಹಳೆಯ ಗಾಯದ ಗೆರೆಯೊಡನೆ, ಮೆಲ್ಲಗೆ ಎದ್ದು ಬಂತು. ಅದನ್ನು ಪಾರದರ್ಶಕ ಟೇಪಿನಿಂದ ಎತ್ತಿ, ಬಿಳಿ ಕಾರ್ಡಿಗೆ ಅಂಟಿಸಿ, ಕರಮುಡಿಯ ಗುರುತಿನ ಪಕ್ಕಕ್ಕಿಟ್ಟನು. ಅವಳದು ಶಂಖ. ಅವಳದಲ್ಲ ಎಂದು ತಿಳಿದಾಗ ಅವನಿಗಾದದ್ದು ಮೊದಲು ಸಂತೋಷ, ಮರುಕ್ಷಣವೇ ನಾಚಿಕೆ. ತನ್ನದನ್ನೂ ನೋಡಿದನು, ಅದೂ ಅಲ್ಲ. ಕೊನೆಗೆ ಮೇಜಿನ ಮೇಲೆಯೇ ಬಿದ್ದಿದ್ದ ಪೇಡೆಗಳ್ಳನ ಬೆರಳಚ್ಚಿನ ಹಾಳೆಯತ್ತ ಕಣ್ಣು ಹೊರಳಿತು. ಅದೇ ಚಕ್ರ, ಅದೇ ಗಾಯ. ಗೆರೆ ಕವಲೊಡೆದ ಜಾಗಗಳೆಲ್ಲ ಒಂದಕ್ಕೊಂದು ಕೂಡಿಬಂದವು.

ವೀರನು ಭೂತಗನ್ನಡಿಯನ್ನು ಎತ್ತಿ ಹಿಡಿದು ಕೈತೊಳೆಯುವ ತೊಟ್ಟಿಯ ಬಳಿಗೆ ಧಾವಿಸಿದನು. "ಮೇಡಂ, ಸಿಕ್ಕ. ಆ ಪೇಡೆ ಕಳ್ಳ ಜೈಲು ಒಡದು ಬಂದು ನನ್ನ ಹೋಳಿಗಿ ತಿಂದು ಹೋಗ್ಯಾನ."

ಕರಮುಡಿ ಸಾಬೂನಿಗೂ ಜಗ್ಗದ ಮಸಿಯನ್ನು ಉಜ್ಜುತ್ತಲೇ ಇದ್ದಳು. "ಸರ, ಜೈಲಿನ್ಯಾಗ ಇದ್ದಾಂವ ಫ್ರಿಜ್ಜಿಗೆ ಬಂದನೋ, ಅಂವ ಮುಟ್ಟಿದ ಡಬ್ಬಿ ಫ್ರಿಜ್ಜಿಗೆ ಬಂತೋ? ಸ್ವಲ್ಪ ವಿಚಾರ ಮಾಡ್ರಿ."

ನಲ್ಲಿಯ ನೀರು ಸುರಿಯುತ್ತಿತ್ತು. ವೀರನ ಎತ್ತಿದ ಕೈ ತಾನಾಗಿ ಇಳಿಯಿತು. ಇಬ್ಬರೂ ಕಪಾಟಿನವರೆಗೆ ನಡೆದರು.

ಸಾಕ್ಷ್ಯವೆಂದು ಮೊಹರಾದದ್ದನ್ನು ಸುಮ್ಮನೆ ಬಿಚ್ಚುವಂತಿಲ್ಲ. ನಿರ್ದೇಶಕರನ್ನು ಕರೆದು, ಕರಮುಡಿಯನ್ನು ಸಾಕ್ಷಿಯಾಗಿ ನಿಲ್ಲಿಸಿ, ನಡೆದದ್ದನ್ನು ನಡೆದಂತೆ ಬರೆದು, ಪೊಲೀಸರಿಗೂ ತಿಳಿಸುವುದೆಂದು ಒಪ್ಪಿ, ತನ್ನ ಮೊಹರನ್ನು ತಾನೇ ಒಡೆದನು. ಒಳಗೆ, ನ್ಯಾಯಾಧೀಶರ ಮುಂದೆ ಹೋಗಿ ಕೂರಲು ಸಿದ್ಧವಾಗಿ, ತುಪ್ಪ ಸವರಿದ ಶೇಂಗಾಹೋಳಿಗೆಗಳು ಮಡಿಚಿಕೊಂಡು ಮಲಗಿದ್ದವು. ನಿರ್ದೇಶಕರು ಒಂದನ್ನು ಎತ್ತಿಕೊಂಡು ಹೊರಟುಹೋದರು.

"ಮೇಡಂ," ಎಂದನು ಹುರಕಡ್ಲಿ. ಸಾಕ್ಷಿಕಟ್ಟೆಯ ಮಾತೊಂದೂ ಒದಗಲಿಲ್ಲ. "ಹೋಳಿಗಿ ಹೋದ್ರ ಹೋಗ್ಲಿ ಅನ್ನಬೇಕಿತ್ತು ನಾ. ನಿಮ್ಮ ಬೆರಳು ಕೇಳಬಾರದಿತ್ತು. ಭಾಳ ತಪ್ಪಾತು."

ಅವಳು ಕರ್ರಗಿನ ಹತ್ತೂ ಬೆರಳನ್ನು ಅವನ ಮುಂದೆ ಹಿಡಿದಳು. "ಈ ಕೈಲೆ ಹೆಂಗ ಉಣ್ಲಿ? ಹೋಗಿ ಚಮಚ ತರ್ರಿ. ರೊಟ್ಟಿ ಆರಾಕತ್ತಾವ. ನಾಳಿಗೆ ಪುಂಡಿಪಲ್ಯ ತರ್ತೀನಿ, ನೀವು ಬೆಳ್ಳೊಳ್ಳಿ ಖಾರ ಮರೀಬ್ಯಾಡ್ರಿ."

ಶಂಖಚಕ್ರಾಂಗುಲಿರೇಖಾವಿಶಾರದನೂ ತಸ್ಕರಕುಲನಿದ್ರಾಭಂಗದೀಕ್ಷಿತನೂ ಭೂತಗನ್ನಡಿಯೇಕಾಯುಧನೂ ಆದ ಆ ಮಹಾವೀರನು, ಚಮಚ ಹುಡುಕಲು ಹೋದನು.